ಏಳನೇ ಇಯತ್ತೆಯ ಗಣಿತಕ್ಕೆ ಹಾಕಿದ ಕವರು

ಅಪ್ಪ ರದ್ದಿ ಅಂಗಡಿಯಿಂದ ತೂಕಕ್ಕೆ ತಂದ
ರಷ್ಯದ ಮಾಸಿಕ. ನುಣುಪು ಹಾಳೆ, ಸೀಮೆಎಣ್ಣೆಯ ವಾಸನೆ.
ಟ್ರ್ಯಾಕ್ಟರಿನ ಪುಟ ಅಣ್ಣನ ವಿಜ್ಞಾನಕ್ಕೆ ಹೋಯಿತು,
ಗಗನಯಾತ್ರಿ ಅಕ್ಕನ ಭೂಗೋಳಕ್ಕೆ.
ನನ್ನ ಗಣಿತಕ್ಕೆ ಉಳಿದದ್ದು
ಒಂದು ದಾರಿ, ದಾರಿಯ ಪಕ್ಕ ಕರಗುವ ಹಿಮ,
ಮುಕ್ಕಾಲು ಪಾಲು ಮೋಡ.
ಬರೆದಾತನ ಹೆಸರು ಮಡಿಕೆಯೊಳಗೆ ಹೋಗಿತ್ತು.

ಏನೂ ಇಲ್ಲದ ಚಿತ್ರ ನನಗ್ಯಾಕ, ಎಂದು ಅತ್ತೆ.
ಅಪ್ಪ ಮೈದಾ ಅಂಟಿನ ಬೆರಳು ಒರೆಸಿಕೊಳ್ಳುತ್ತ
'ಲೆಕ್ಕಕ್ಕ ಇಷ್ಟ ಸಾಕು' ಎಂದ.

ಹೂದಾನಿ ಬರೆಸುತ್ತಿದ್ದ ನಾಗೋಸಾ ಮಾಸ್ತರು
ನನ್ನ ಡೆಸ್ಕಿನ ಹತ್ತಿರ ನಿಂತರು.
ಗಂಟೆ ಹೊಡೆದ ಮೇಲೂ ನಿಂತೇ ಇದ್ದರು.
'ಇದರಾಗ ಎಷ್ಟು ಮಂದಿ ಅದಾರ?'
ಯಾರೂ ಇಲ್ರೀ ಸರ್.
'ಎಣಸು.'

ಮರುದಿನ ಹೇಳಿದರು:
ನೂರು ವರ್ಷದ ಹಿಂದಿನ ಮಾತು,
ಕಾಲಿಗೆ ಬೇಡಿ ಹಾಕಿಸಿಕೊಂಡವರು ಇದೇ ದಾರಿಯಲ್ಲಿ
ಮೂಡಣಕ್ಕೆ ನಡೆದರು, ತಿಂಗಳುಗಟ್ಟಲೆ.
ಬರೆದಾತ ಅವರನ್ನು ಬರೆಯಲಿಲ್ಲ.
ಅವರು ದಾಟಿಹೋದ ಮೇಲಿನ ಹೊತ್ತನ್ನು ಬರೆದ.
ಅವನ ಹೆಸರನ್ನು ಎರಡು ಸಲ ಹೇಳಿದರು,
ಎರಡು ಸಲವೂ ಬೇರೆ ಬೇರೆ.

ಬೆಟಗೇರಿಯಲ್ಲಿ ಹಿಮ ಎಲ್ಲಿ ಸಿಗಬೇಕು?
ಒಂದು ಸಂಜೆ ಮಾರ್ಕೆಟ್ ಯಾರ್ಡಿಗೆ ಕರೆದೊಯ್ದರು.
ಆಳೆತ್ತರ ಹತ್ತಿಯ ರಾಶಿ,
ಬೀಡಿ ಸೇದಲು ಹಮಾಲರು ಗೇಟಿನಾಚೆ.
'ಬಿಳಿ ಎಲ್ಲೈತಿ ತೋರಸು.'
ನೆರಳಿನ ಮಗ್ಗುಲು ನೀಲಿ,
ಹೊತ್ತು ಮುಳುಗುವ ಕಡೆ ತೆಳು ಗುಲಾಬಿ,
ತಳದಲ್ಲಿ ಎರೆಮಣ್ಣು ಹತ್ತಿದ ಬೂದು.
ಬಿಳಿ ಎಲ್ಲೂ ಇರಲಿಲ್ಲ.

ಚಿತ್ರದ ಅಂಚಿಗೆ ನಾಲ್ಕು ಮರ, ಬೊಡ್ಡೆಯೆಲ್ಲ ಬೆಳ್ಳಗೆ.
ರಷ್ಯದ ಪಿಡಬ್ಲ್ಯುಡಿಯವರು ಸುಣ್ಣ ಬಳಿದಾರೆ ಅಂದುಕೊಂಡಿದ್ದೆ,
ಲಕ್ಕುಂಡಿ ರಸ್ತೆಯ ಹುಣಸೆಮರಕ್ಕೆ ಬಳಿದಂತೆ.
ಹೇಳಿದರೆ ಮಾಸ್ತರು ನಗಲಿಲ್ಲ.
ಅವರೂ ಆ ಮರ ಮುಟ್ಟಿದವರಲ್ಲ.

ರಜೆಯಲ್ಲಿ ನಾಟಕದ ಕಂಪನಿಗೆ ಪರದೆ ಬರೆಯುತ್ತಿದ್ದರು:
ಅರಮನೆ, ಕಾಡು, ಬೀದಿ. ಮೂರಕ್ಕೂ ಮೂರು ರೇಟು.
ಒಂದು ವರ್ಷ ಕೇಳದೆಯೇ ನಾಲ್ಕನೆಯದು ಬರೆದರು.
ಕೆಳಗೆ ಒಂದು ಗೇಣು ಕಪ್ಪು ನೆಲ,
ನೆಲವನ್ನು ಸೀಳಿಕೊಂಡು ಬಂಡಿಯ ಜಾಡು,
ಮೇಲೆಲ್ಲ ಮಳೆ ಬಿಟ್ಟ ಆಕಾಶ.
ಮಾಲೀಕ ಬಂದು ನೋಡಿ ಕೇಳಿದ,
'ರಾಜಾ ಎಲ್ಲಿಂದ ಬರಬೇಕ್ರೀ ಇದಕ್ಕ?'
'ಬರಂಗಿಲ್ಲ. ಹೋಗ್ಯಾನ.'
ಪರದೆ ಸುತ್ತಿ ಅಟ್ಟಕ್ಕೆ ಹಾಕಿದರು.
ಮುಂದಿನ ಸೀಜನ್ನಿಗೆ ಅದರ ಬೆನ್ನಿಗೇ ದರಬಾರು ಬರೆದದ್ದು
ಮಾಸ್ತರೇ.

ನಾನು ಗಣಿತದಲ್ಲಿ ಫೇಲಾದೆ.
ಗದಗ ಡಿಪೋದಲ್ಲಿ ಬಸ್ಸಿನ ಬೋರ್ಡು ಬರೆದೆ ಇಪ್ಪತ್ತಾರು ವರ್ಷ:
ರೋಣ, ನರಗುಂದ, ಮುಂಡರಗಿ, ಶಿರಹಟ್ಟಿ,
ಹಳದಿಯ ಮೇಲೆ ಕಪ್ಪು, ತುರ್ತಿದ್ದರೆ ಬರೀ ಸುಣ್ಣ.
ಊರಿನ ಹೆಸರು ಬರೆದೆ, ಊರು ಬರೆಯಲಿಲ್ಲ.
ಈಗ ಹೆಸರು ತಾನೇ ಹೊತ್ತಿಕೊಳ್ಳುತ್ತದೆ,
ಕೆಂಪು ಚುಕ್ಕೆಗಳಲ್ಲಿ, ಓಡುತ್ತ.

ಹೋದ ಮಾಘದಲ್ಲಿ ಕೋಟುಮಚಗಿ ದಾಟಿ ಬಸ್ಸು ಪಂಕ್ಚರ್.
ಕಡಲೆ ಕಿತ್ತಾಗಿತ್ತು. ಕಣ್ಣು ಹೋದಷ್ಟೂ ಎರೆಹೊಲ,
ನಡುವೆ ಒಂದು ದಾರಿ. ಯಾರೂ ಇಲ್ಲ.
ಇಳಿದು ನಿಂತವನ ಕಾಲ ಬುಡದಲ್ಲಿ
ಹಿಂಗಾರಿನ ಕೆಸರು ಕಲ್ಲಾಗಿ ಹಿಡಿದಿಟ್ಟುಕೊಂಡಿತ್ತು
ಹೆಜ್ಜೆಗಳನ್ನು.

ಎತ್ತಿನವು ಬಿಟ್ಟು ಎಣಿಸಿದೆ.
ಹಿಮ್ಮಡಿ ಸವೆದ ಚಪ್ಪಲಿ ಒಂದು.
ಬರಿಗಾಲು, ಹೆಬ್ಬೆರಳು ಒತ್ತಿ ನಡೆದದ್ದು, ತಲೆಯ ಮೇಲೆ ಭಾರವಿತ್ತೇನೋ.
ಜಾರಿದ್ದು, ಜಾರಿದ ಕಡೆ ಊರಿದ ಅಂಗೈ.
ಅದರ ಪಕ್ಕ ಒಂದು ಮಗುವಿನದು,
ಹೋಗುವುದೋ ಬರುವುದೋ ತಿಳಿಯದಂತೆ ತಿರುಗಿ ನಿಂತದ್ದು.

ಹದಿನೇಳಕ್ಕೆ ಬಂದಿದ್ದೆ.
ಕಂಡಕ್ಟರು ಸೀಟಿ ಹೊಡೆದ.